ವೃದ್ಧಾಪ್ಯ ವೇತನವೂ ನಮ್ಮ ಕರ್ತವ್ಯವೂ

ವೃದ್ಧಾಪ್ಯ ವೇತನವನ್ನು ಸರಕಾರದ ದಾನವೆಂದು ಬಗೆದು ಸಂಕೋಚಪಡುವ ಹಿರಿಯರನ್ನು ನಾವು ಕಂಡಿದ್ದೇವೆ. ಸಂವಿಧಾನದ 41ನೆಯ ಅನುಚ್ಛೇದವಾದರೋ, ಆರ್ಥಿಕ ಶಕ್ತಿಯ ಮಿತಿಯೊಳಗೆ ಮುಪ್ಪಿನಲ್ಲಿ ನೆರವೀಯುವುದು ರಾಜ್ಯದ ಹೊಣೆಯೆಂದು ನಿರ್ದೇಶಿಸಿರುವುದು. ಕೇರಳದಲ್ಲಿ ಕೃಷಿ ಕಾರ್ಮಿಕರ ಪಿಂಚಣಿಯು 1980ರಲ್ಲಿಯೂ, ಕೇಂದ್ರದ ವೃದ್ಧಾಪ್ಯ ವೇತನವು 1995ರಲ್ಲಿಯೂ ಆರಂಭವಾದುವು. 60 ವರ್ಷ ತುಂಬಿದ ಬಡವರು ಗ್ರಾಮ ಪಂಚಾಯತಿಗೆ ಅರ್ಜಿ ಸಲ್ಲಿಸಬಹುದು. ಮಂಜೂರಾದ ಬಳಿಕ ಸರಕಾರವು ಪ್ರಕಟಿಸಿದ ಅವಧಿಯಲ್ಲಿ ಅಕ್ಷಯ ಕೇಂದ್ರಕ್ಕೆ ಹೋಗಿ, ಬೆರಳಚ್ಚು ಕೊಟ್ಟು, ತಾವು ಜೀವಿಸಿರುವುದನ್ನು ದೃಢಪಡಿಸಬೇಕು. ತಪ್ಪಿದರೆ ಹಣವು ನಿಲ್ಲುವುದು. ಕಾಸರಗೋಡಿನ ಕನ್ನಡ ವೃದ್ಧರಲ್ಲಿ ಅನೇಕರಿಗೆ ಮಲಯಾಳದ ಪ್ರಕಟಣೆಯನ್ನು ಓದಲು ಬಾರದು. ಎರಡೂ ಭಾಷೆ ಬಲ್ಲ ವಿದ್ಯಾರ್ಥಿಗಳೇ, ನೆರೆಮನೆಯ ಅಜ್ಜ ಅಜ್ಜಿಯರಿಗೆ ಅದನ್ನು ಓದಿ ಹೇಳಿರಿ. ಅರ್ಜಿ ಬರೆದುಕೊಡುವುದೂ, ದಿನವನ್ನು ನೆನಪಿಸುವುದೂ ನಮ್ಮ ವಿದ್ಯೆಗೆ ಒಪ್ಪುವ ಸೇವೆ.