ರೋಗದ ಮುನ್ಪತ್ತೆ: ಕಣ್ಣಿನ ತಪಾಸಣಾ ಶಿಬಿರದ ಲೆಕ್ಕಾಚಾರ

ಲೆಕ್ಕಪರಿಶೋಧನೆಗಾಗಿ ಸಣ್ಣ ಕೈಗಾರಿಕೆಗಳಿಗೆ ಹೋದಾಗ ಸಿಬ್ಬಂದಿ ಕ್ಷೇಮಾಭಿವೃದ್ಧಿ ವೆಚ್ಚದ ವೋಚರುಗಳ ನಡುವೆ ಕಣ್ಣಿನ ತಪಾಸಣಾ ಶಿಬಿರದ ಬಿಲ್ಲು ಆಗಾಗ ಕಾಣಸಿಗುತ್ತದೆ. ಕೆಲವು ವರ್ಷಗಳ ಹಿಂದೆ ಜೆ.ಪಿ. ನಗರದ ಘಟಕವೊಂದರಲ್ಲಿ ಅಂತಹ ಬಿಲ್ಲಿನ ಹಿಂದೆ ಒಂದು ಹಾಳೆಯನ್ನೂ ಸೇರಿಸಿ ಪಿನ್ ಹಾಕಲಾಗಿತ್ತು. ಅದರಲ್ಲಿ ಆರು ಮಂದಿ ಕೆಲಸಗಾರರ ಹೆಸರುಗಳು. ಪ್ರತಿಯೊಂದರ ಮುಂದೆ ‘ತಜ್ಞರಿಗೆ ತೋರಿಸತಕ್ಕದ್ದು’ ಎಂಬ ಟಿಪ್ಪಣಿ. ಶಿಬಿರ ನಡೆದು ಆಗಲೇ ಹದಿನಾಲ್ಕು ತಿಂಗಳಾಗಿತ್ತು. ಆ ಹಾಳೆಯ ವಿಷಯವನ್ನು ಕೆಲಸಗಾರರಿಗೆ ಯಾರೂ ತಿಳಿಸಿರಲಿಲ್ಲ. ಅವರಲ್ಲೊಬ್ಬರು, ಲೇತ್ ಯಂತ್ರ ನಡೆಸುತ್ತಿದ್ದವರು, ಅಷ್ಟರಲ್ಲಿ ಒಂದು ಕಣ್ಣಿನ ದೃಷ್ಟಿಯನ್ನು ಬಹುಪಾಲು ಕಳೆದುಕೊಂಡು ಊರು ಸೇರಿದ್ದರು. ಬಿಲ್ಲು ಸರಿಯಾಗಿತ್ತು, ರಸೀದಿ ಸರಿಯಾಗಿತ್ತು. ನಾನು ಪರಿಶೀಲಿಸಬೇಕಾಗಿದ್ದ ಎಲ್ಲವೂ ಸರಿಯಾಗಿಯೇ ಇತ್ತು.

ಈ ಲೇಖನಕ್ಕೆ ಆ ಹಾಳೆಯೇ ಕಾರಣ. ವೈದ್ಯಕೀಯ ವಿಷಯದಲ್ಲಿ ನಾನು ತಜ್ಞನಲ್ಲ. ಆದರೆ ತಪಾಸಣೆಯೆಂಬುದು ಬಹುಮಟ್ಟಿಗೆ ಲೆಕ್ಕದ ವಿಷಯವಾದುದರಿಂದ ವ್ಯಾಪಾರಿ ಬಂಧುಗಳೊಡನೆ ಹಂಚಿಕೊಳ್ಳುವ ಧೈರ್ಯ ಮಾಡಿದ್ದೇನೆ.

ಸಕ್ಕರೆ ಕಾಯಿಲೆಯು ಅಕ್ಷಿಪಟಲದ, ಅಂದರೆ ಕಣ್ಣಿನ ಹಿಂಭಾಗದ ಪರದೆಯ, ಸೂಕ್ಷ್ಮ ರಕ್ತನಾಳಗಳನ್ನು ಹಾಳುಮಾಡುತ್ತದೆ. ಆರಂಭದಲ್ಲಿ ನೋವಿಲ್ಲ, ಮಂಜಿಲ್ಲ. ರೋಗಿಗೆ ಅರಿವಾಗುವ ವೇಳೆಗೆ ಹಾನಿ ಮುಂದುವರಿದಿರುವುದೇ ಹೆಚ್ಚು. ಹೋದ ದೃಷ್ಟಿಯನ್ನು ಮರಳಿ ತರುವುದು ಕಷ್ಟ. ಆದರೆ ಬೇಗ ಪತ್ತೆಯಾದರೆ ಲೇಸರ್ ಅಥವಾ ಚುಚ್ಚುಮದ್ದಿನಿಂದ ಇರುವ ದೃಷ್ಟಿಯನ್ನು ಬಹುತೇಕ ಉಳಿಸಿಕೊಳ್ಳಬಹುದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯು ದೇಶದಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳಿದ್ದಾರೆಂದು ಅಂದಾಜಿಸಿತು. ಇವರೆಲ್ಲರೂ ವರ್ಷಕ್ಕೊಮ್ಮೆ ನೇತ್ರತಜ್ಞರ ಮುಂದೆ ಕೂರುವುದು ಆಗದ ಮಾತು. ಆದ್ದರಿಂದಲೇ ಅಕ್ಷಿಪಟಲದ ಛಾಯಾಚಿತ್ರ ತೆಗೆದು, ಸಂಶಯವಿರುವವರನ್ನು ಮಾತ್ರ ತಜ್ಞರಲ್ಲಿಗೆ ಕಳುಹಿಸುವ ಕ್ರಮ ಬಂದಿತು.

ಈ ಕ್ರಮದ ಒಂದು ಅಧ್ಯಾಯ ನಮ್ಮ ದಕ್ಷಿಣ ಬೆಂಗಳೂರಿನಲ್ಲಿಯೇ ನಡೆದಿದೆ. ಇಂತಹ ಚಿತ್ರ ತೆಗೆಯುವ ಕ್ಯಾಮೆರಾಗಳು ಬಹುಕಾಲ ದುಬಾರಿ ಆಮದು ಸರಕಾಗಿದ್ದವು. ಆಸ್ಪತ್ರೆಯಿಂದ ಹೊರಗೆ ಒಯ್ಯುವಂತಿರಲಿಲ್ಲ. ಕೆ. ಚಂದ್ರಶೇಖರ್ ಮತ್ತು ಶ್ಯಾಮ್ ವಾಸುದೇವ ರಾವ್ ಎಂಬ ಇಬ್ಬರು ತಂತ್ರಜ್ಞರು 2010ರಲ್ಲಿ ಫೋರಸ್ ಹೆಲ್ತ್ ಎಂಬ ಸಂಸ್ಥೆಯನ್ನು ಆರಂಭಿಸಿದರು. ಬನಶಂಕರಿ ಎರಡನೇ ಹಂತದಲ್ಲಿ ಕಚೇರಿ ಹೊಂದಿದ್ದ ಈ ಸಂಸ್ಥೆ ‘ತ್ರಿನೇತ್ರ’ ಎಂಬ ಸಾಧನವನ್ನು ಮಾರುಕಟ್ಟೆಗೆ ತಂದಿತು. ಎತ್ತಿಕೊಂಡು ಹೋಗಬಹುದಾದ, ಅಲ್ಪ ತರಬೇತಿ ಪಡೆದವರೂ ನಡೆಸಬಹುದಾದ ಈ ಒಂದೇ ಯಂತ್ರದಿಂದ ಪೊರೆ, ಮಧುಮೇಹದ ಅಕ್ಷಿಪಟಲ ದೋಷ, ಗ್ಲಾಕೋಮಾ ಮುಂತಾದವುಗಳ ಸುಳಿವು ದೊರೆಯುವಂತಾಯಿತು. ಬೆಲೆ ಇಳಿಸಲು ಯಾವ ಭಾಗವನ್ನು ಬಿಡಬಹುದು, ಯಾವುದನ್ನು ಬಿಡಲಾಗದು ಎಂದು ತಿಣುಕಾಡುವುದು ನಮ್ಮ ತಯಾರಕ ಸದಸ್ಯರಿಗೆ ಹೊಸತೇನಲ್ಲ.

ಆದರೆ ಕ್ಯಾಮೆರಾ ಒಂದೇ ಸಾಲದು. ಇದಕ್ಕೆ ರಾಜ್ಯದ್ದೇ ಆದ ಇನ್ನೊಂದು ಉದಾಹರಣೆಯಿದೆ. ಇದು ಮಧುಮೇಹಿಗಳದ್ದಲ್ಲ, ಅವಧಿಗೆ ಮುನ್ನ ಹುಟ್ಟಿದ ಶಿಶುಗಳದ್ದು. ಅಂತಹ ಶಿಶುಗಳ ಅಕ್ಷಿಪಟಲದ ರಕ್ತನಾಳಗಳು ಅಡ್ಡಾದಿಡ್ಡಿ ಬೆಳೆದು ಕುರುಡುತನ ಬರಬಹುದು. ಹುಟ್ಟಿದ ಮೊದಲ ತಿಂಗಳೊಳಗೆ ಪರೀಕ್ಷಿಸಬೇಕು. ತೀವ್ರ ದೋಷ ಕಂಡರೆ ಕೆಲವೇ ದಿನಗಳಲ್ಲಿ ಚಿಕಿತ್ಸೆಯಾಗಬೇಕು. ಜಿಲ್ಲೆಗಳಲ್ಲಿ ಇದರ ತಜ್ಞರು ಇರಲಿಲ್ಲ. ಬೆಂಗಳೂರಿನ ನಾರಾಯಣ ನೇತ್ರಾಲಯವು ಡಾ. ಆನಂದ್ ವಿನೇಕರ್ ಅವರ ನೇತೃತ್ವದಲ್ಲಿ 2008ರಲ್ಲಿ ‘ಕಿಡ್‌ರಾಪ್’ ಯೋಜನೆಯನ್ನು ಆರಂಭಿಸಿತು. ತರಬೇತಾದ ತಂತ್ರಜ್ಞರು ಕ್ಯಾಮೆರಾದೊಂದಿಗೆ ಜಿಲ್ಲೆಗಳ ನವಜಾತ ಶಿಶು ಘಟಕಗಳಿಗೆ ಹೋಗುತ್ತಾರೆ. ಚಿತ್ರಗಳನ್ನು ಕೆಂಪು, ಕಿತ್ತಳೆ, ಹಸಿರು ಎಂದು ವಿಂಗಡಿಸುತ್ತಾರೆ. ಬೆಂಗಳೂರಿನ ತಜ್ಞರು ಅಂತರ್ಜಾಲದ ಮೂಲಕ ಅವನ್ನು ನೋಡುತ್ತಾರೆ. ಇಲ್ಲಿ ಗಮನಾರ್ಹವಾದುದು ಬಣ್ಣ. ಪ್ರತಿಯೊಂದು ಬಣ್ಣಕ್ಕೂ ಮುಂದೇನು ಮಾಡಬೇಕೆಂಬುದು ಮೊದಲೇ ನಿಶ್ಚಯವಾಗಿರುತ್ತದೆ. ನಾನು ಕಂಡ ಹಾಳೆಯಲ್ಲಿ ಇಲ್ಲದಿದ್ದುದು ಅದೇ.

ಚಿತ್ರಗಳನ್ನು ಓದುವ ಕೆಲಸಕ್ಕೆ ಈಗ ಗಣಕಯಂತ್ರವೂ ಬಂದಿದೆ. 2016ರಲ್ಲಿ ಗೂಗಲ್ ಸಂಶೋಧಕರು 1,28,175 ಚಿತ್ರಗಳಿಂದ ಕಲಿಸಿದ ತಂತ್ರಾಂಶವು ಮಧುಮೇಹದ ಅಕ್ಷಿಪಟಲ ದೋಷವನ್ನು ನೇತ್ರತಜ್ಞರಿಗೆ ಸಮನಾಗಿ ಗುರುತಿಸಿತೆಂದು ವರದಿಯಾಯಿತು. ಆ ಕೆಲಸದಲ್ಲಿ ಭಾರತದ ಕಣ್ಣಾಸ್ಪತ್ರೆಗಳ ಚಿತ್ರಗಳೂ ಸೇರಿದ್ದವು. ಅದೇ ಬಗೆಯ ವ್ಯವಸ್ಥೆಯನ್ನು ಥೈಲೆಂಡಿನ ಚಿಕಿತ್ಸಾಲಯಗಳಲ್ಲಿ ಬಳಸಿದಾಗ ಐದರಲ್ಲೊಂದಕ್ಕಿಂತ ತುಸು ಹೆಚ್ಚು ಚಿತ್ರಗಳನ್ನು ಯಂತ್ರವು ಸ್ಪಷ್ಟವಾಗಿಲ್ಲವೆಂದು ತಿರಸ್ಕರಿಸಿತು ಎಂದು 2020ರ ಅಧ್ಯಯನವೊಂದು ತಿಳಿಸಿತು. ಕೋಣೆಯಲ್ಲಿ ಬೆಳಕು ಹೆಚ್ಚಿದ್ದುದು ಇದಕ್ಕೆ ಒಂದು ಕಾರಣ. ಶಿಬಿರವನ್ನು ಕಿಟಕಿ ತೆರೆದ ಪ್ಯಾಕಿಂಗ್ ಶೆಡ್ಡಿನಲ್ಲಿ ಏರ್ಪಡಿಸುವವರು ಇದನ್ನು ನೆನಪಿಡಬೇಕು.

ಒಂದು ಲೆಕ್ಕ

ಇನ್ನು ಮುಖ್ಯ ವಿಷಯ. ಮಾರಾಟಗಾರರು ‘ನಮ್ಮ ಪರೀಕ್ಷೆ ಶೇಕಡಾ 90 ನಿಖರ’ ಎನ್ನುತ್ತಾರೆ. ಇದರಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳು ಅಡಗಿವೆ. ರೋಗವಿರುವ ನೂರು ಮಂದಿಯಲ್ಲಿ ಎಷ್ಟು ಮಂದಿಯನ್ನು ಅದು ಹಿಡಿಯುತ್ತದೆ? ರೋಗವಿಲ್ಲದ ನೂರು ಮಂದಿಯಲ್ಲಿ ಎಷ್ಟು ಮಂದಿಯನ್ನು ಸುಮ್ಮನೆ ಬಿಡುತ್ತದೆ? ಎರಡೂ 90 ಎಂದೇ ಇಟ್ಟುಕೊಳ್ಳೋಣ. ಕೆಳಗಿನ ಅಂಕಿಗಳು ಕೇವಲ ಊಹೆಯವು.

ವಯಸ್ಸು, ಕಾಯಿಲೆ ಯಾವುದನ್ನೂ ನೋಡದೆ 1,000 ಮಂದಿಯನ್ನು ಕೂರಿಸಿದೆವು. ಅವರಲ್ಲಿ 50 ಮಂದಿಗೆ ನಿಜವಾಗಿ ದೋಷವಿದೆ. ಪರೀಕ್ಷೆಯು 45 ಮಂದಿಯನ್ನು ಹಿಡಿಯುತ್ತದೆ, 5 ಮಂದಿಯನ್ನು ಬಿಟ್ಟುಬಿಡುತ್ತದೆ. ದೋಷವಿಲ್ಲದ 950 ಮಂದಿಯಲ್ಲಿ 95 ಮಂದಿಗೆ ಸುಳ್ಳು ಎಚ್ಚರಿಕೆ ಕೊಡುತ್ತದೆ. ಒಟ್ಟು 140 ಮಂದಿ ತಜ್ಞರಲ್ಲಿಗೆ ಹೋಗಬೇಕು. ನಿಜವಾದ ರೋಗಿಗಳು ಅವರಲ್ಲಿ ಮೂರನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಈಗ ಅದೇ ಪರೀಕ್ಷೆಯನ್ನು 1,000 ಮಧುಮೇಹಿಗಳಿಗೆ ಮಾಡಿಸಿ, 200 ಮಂದಿಗೆ ದೋಷವಿದೆ ಎನ್ನೋಣ. ಹಿಡಿದದ್ದು 180, ಸುಳ್ಳು ಎಚ್ಚರಿಕೆ 80. ಕಳುಹಿಸಿದ 260 ಮಂದಿಯಲ್ಲಿ ಮೂರನೆಯ ಎರಡು ಭಾಗಕ್ಕಿಂತ ಹೆಚ್ಚು ಮಂದಿ ನಿಜವಾದ ರೋಗಿಗಳು. ಯಂತ್ರ ಅದೇ, ನಿಖರತೆ ಅದೇ; ಬದಲಾದದ್ದು ಯಾರನ್ನು ಕೂರಿಸಿದೆವು ಎಂಬುದು. ಮೊದಲು ರಕ್ತದ ಸಕ್ಕರೆ ಪರೀಕ್ಷೆ, ಅನಂತರ ಮಧುಮೇಹಿಗಳಿಗೆ ಕಣ್ಣಿನ ಚಿತ್ರ ಎಂಬ ಕ್ರಮದ ಮರ್ಮವಿದು. ಇಷ್ಟಾಗಿಯೂ ತಪ್ಪಿಹೋದ 20 ಮಂದಿ ‘ನನಗೇನೂ ಇಲ್ಲ’ ಎಂಬ ನೆಮ್ಮದಿಯಲ್ಲಿ ಮನೆಗೆ ಹೋಗಿರುತ್ತಾರೆ. ಆದುದರಿಂದ ತಪಾಸಣೆ ಪ್ರತಿವರ್ಷ ಮರುಕಳಿಸಬೇಕು.

ಎಂದಮೇಲೆ ಮಾಲೀಕರು ಶಿಬಿರದ ದರಕ್ಕೆ ಚೌಕಾಸಿ ಮಾಡುವ ಮೊದಲು ಕೇಳಬೇಕಾದುದು ಬೇರೆ. ಸಂಶಯ ಕಂಡವರನ್ನು ಎಲ್ಲಿಗೆ ಕಳುಹಿಸುತ್ತೀರಿ? ಇ.ಎಸ್.ಐ. ವ್ಯಾಪ್ತಿಯಲ್ಲಿರುವವರಿಗೆ ಅದರ ಚಿಕಿತ್ಸಾಲಯ, ಇತರರಿಗೆ ಮಿಂಟೊ ಸರ್ಕಾರಿ ಕಣ್ಣಾಸ್ಪತ್ರೆ ಅಥವಾ ಹತ್ತಿರದ ಖಾಸಗಿ ಆಸ್ಪತ್ರೆ, ಯಾವುದಾದರೂ ಒಂದು ಮೊದಲೇ ಗೊತ್ತಾಗಿರಬೇಕು. ಆ ದಿನದ ಕೂಲಿ ಕಡಿತವಾಗದೆಂಬ ಭರವಸೆಯೂ ಬೇಕು. ಅರ್ಧ ದಿನದ ಸಂಬಳ ಹೋಗುವುದಾದರೆ ಬಹಳ ಮಂದಿ ಹೋಗುವುದಿಲ್ಲ. ವೈದ್ಯಕೀಯ ಫಲಿತಾಂಶ ಕೆಲಸಗಾರನ ಸ್ವಂತ ವಿಷಯ. ಅದನ್ನು ಮುಚ್ಚಿದ ಲಕೋಟೆಯಲ್ಲಿ ಅವನ ಕೈಗೇ ಕೊಡತಕ್ಕದ್ದು, ವೋಚರಿಗೆ ಪಿನ್ ಮಾಡತಕ್ಕದ್ದಲ್ಲ.

ತೆರಿಗೆಯ ವಿಷಯ ಕೇಳುವವರಿಗೆ ಒಂದು ಮಾತು. ಸ್ವಂತಕ್ಕೆ ಹಾಗೂ ಕುಟುಂಬಕ್ಕೆ ಮಾಡಿಸಿದ ಮುನ್ನೆಚ್ಚರಿಕೆಯ ಆರೋಗ್ಯ ತಪಾಸಣೆಗೆ ರೂ. 5,000ದವರೆಗೆ ಕಡಿತವನ್ನು 2012ರ ಹಣಕಾಸು ಕಾಯಿದೆಯು ತಂದಿತು. ಹೊಸ ತೆರಿಗೆ ಪದ್ಧತಿಯಲ್ಲಿರುವವರಿಗೆ ಇದು ದೊರೆಯದು.

ಮೇಲೆ ಹೇಳಿದ ಘಟಕದಲ್ಲಿ ಈಗ ಶಿಬಿರದ ನಂತರ ಒಂದು ವಹಿ ಇಡುತ್ತಾರೆ. ರೋಗದ ವಿವರ ಅದರಲ್ಲಿಲ್ಲ. ಹೆಸರು, ಲಕೋಟೆ ಕೊಟ್ಟ ದಿನ, ತಜ್ಞರನ್ನು ಕಂಡ ದಿನ, ಇಷ್ಟೇ. ಕಳೆದ ಬಾರಿ ನೋಡಿದಾಗ ಒಂಬತ್ತು ಹೆಸರುಗಳಿದ್ದವು. ಏಳರ ಮುಂದೆ ಎರಡೂ ದಿನಾಂಕಗಳಿದ್ದವು. ಉಳಿದವರ ಬಗ್ಗೆ ವಿಚಾರಿಸಿದೆ. ಒಬ್ಬರು ಊರಿಗೆ ಹೋಗಿದ್ದಾರೆ, ಇನ್ನೊಬ್ಬರು ಕಣ್ಣಿನ ದೋಷವೆಂದು ಗೊತ್ತಾದರೆ ಯಂತ್ರದಿಂದ ತೆಗೆಯುತ್ತಾರೆಂಬ ಭಯದಿಂದ ಒಪ್ಪುತ್ತಿಲ್ಲ ಎಂದು ಮಾಲೀಕರು ತಿಳಿಸಿದರು. ತೆಗೆಯುವುದಿಲ್ಲವೆಂದು ಆತನಿಗೆ ಹೇಳಿದ್ದೀರಾ ಎಂದು ಕೇಳಿದೆ. ಇನ್ನೂ ಹೇಳಿರಲಿಲ್ಲ.