ಲಿವರಿನ ಒಂದು ಚೂರು ಎಷ್ಟು ಹೇಳೀತು?

ಮಣ್ಣು ಪರೀಕ್ಷೆಗೆ ಹೊಲದ 10-15 ಕಡೆಗಳಿಂದ ಮಣ್ಣು ತೆಗೆದು, ಚೆನ್ನಾಗಿ ಬೆರೆಸಿ, ಅರ್ಧ ಕಿಲೋ ಮಾದರಿ ಕಳುಹಿಸಬೇಕೆಂಬುದು ರೈತರಿಗೆ ತಿಳಿದ ವಿಷಯ. ಒಂದೇ ಕಡೆಯ ಮಣ್ಣು ಇಡೀ ಹೊಲದ ಗುಣವನ್ನು ತಿಳಿಸದು. ಲಿವರಿನ ಪರೀಕ್ಷೆಗೂ ಈ ಮಾತು ಅನ್ವಯಿಸುತ್ತದೆ.

ಲಿವರಿನಲ್ಲಿ ಕೊಬ್ಬು ಶೇಖರವಾಗುವ ರೋಗದಲ್ಲಿ, ಸೂಜಿಯಿಂದ ಸಣ್ಣ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವುದಕ್ಕೆ ಬಯಾಪ್ಸಿ ಎನ್ನುತ್ತಾರೆ. ಕೊಬ್ಬು, ಉರಿಯೂತ, ನಾರುಗಟ್ಟುವಿಕೆ ಮೂರನ್ನೂ ಇದರಿಂದ ನೇರವಾಗಿ ಕಾಣಬಹುದು. ಆದರೆ ಈ ಚೂರು ಇಡೀ ಲಿವರಿನ ಸುಮಾರು 50,000ದಲ್ಲಿ ಒಂದು ಭಾಗ ಮಾತ್ರ. ಅದೂ ಒಂದೇ ಕಡೆಯದು.

2005ರಲ್ಲಿ ಪ್ರಕಟವಾದ ಫ್ರಾನ್ಸಿನ ಅಧ್ಯಯನವೊಂದರಲ್ಲಿ 51 ರೋಗಿಗಳಿಂದ ತಲಾ ಎರಡು ಚೂರು ತೆಗೆದು ಹೋಲಿಸಲಾಯಿತು. ಕೊಬ್ಬಿನ ಪ್ರಮಾಣ ಬಹುಮಟ್ಟಿಗೆ ತಾಳೆಯಾಯಿತು. ನಾರುಗಟ್ಟುವಿಕೆಯಲ್ಲಿ ಮಾತ್ರ ಶೇ. 41 ಮಂದಿಯ ಚೂರುಗಳು ಒಂದು ಹಂತ ಅಥವಾ ಅದಕ್ಕೂ ಹೆಚ್ಚಿನ ವ್ಯತ್ಯಾಸ ತೋರಿದವು. ಮುಂದಿನ ಅಪಾಯವನ್ನು ಮುಖ್ಯವಾಗಿ ಸೂಚಿಸುವುದು ಈ ನಾರೇ.

ಗಮನಿಸಬೇಕಾದ ಅಂಶಗಳು:

1. ಎಲ್ಲರಿಗೂ ಬಯಾಪ್ಸಿ ಬೇಕಿಲ್ಲ. ಮೊದಲು ರಕ್ತ ಪರೀಕ್ಷೆ, ಸ್ಕ್ಯಾನಿಂಗ್ ಮಾಡುತ್ತಾರೆ.

2. ಚೂರು 2 ಸೆಂ.ಮೀ. ಉದ್ದವಿದ್ದರೆ ಫಲಿತಾಂಶ ಹೆಚ್ಚು ನಂಬಲರ್ಹ.

3. ನಾರಿಲ್ಲವೆಂದು ವರದಿ ಬಂದರೂ ಸಕ್ಕರೆ ಕಾಯಿಲೆ, ಬೊಜ್ಜು ಇರುವವರು ವೈದ್ಯರು ಹೇಳಿದ ಅವಧಿಗೆ ತಪ್ಪದೆ ಮತ್ತೆ ಪರೀಕ್ಷೆ ಮಾಡಿಸಿಕೊಳ್ಳಬೇಕು.