ಸಿಡ್ನಿಯ ಪಂದ್ಯವೂ ನಮ್ಮ ಚಪ್ಪಾಳೆಯೂ

ಕ್ರಿಕೆಟ್ ಆಟವನ್ನು ಕುರಿತು ಕಾಲೇಜಿನ ವಾರ್ಷಿಕ ಸಂಚಿಕೆಗೆ ಲೇಖನ ಬರೆಯುವೆನೆಂದಾಗ ಗೆಳೆಯರು ನಕ್ಕರು. ಬ್ಯಾಟು ಹಿಡಿಯಲು ಬಾರದವನು ಲೇಖನಿ ಹಿಡಿದನೆಂಬುದು ಅವರ ನಗೆಗೆ ಕಾರಣ. ಅವರ ಮಾತು ಸುಳ್ಳಲ್ಲ. ನಾನು ಆಡುವವನಲ್ಲ, ನೋಡುವವನು. ಆದುದರಿಂದ ಆಡುವವರ ನಡತೆಯ ಜೊತೆಗೆ ನೋಡುವವರ ನಡತೆಯನ್ನೂ ಇಲ್ಲಿ ವಿವೇಚಿಸಬೇಕೆಂದಿದ್ದೇನೆ.

ಇದಕ್ಕೆ ಪ್ರೇರಣೆಯಾದ ಸಂಗತಿ ತೀರ ಸಣ್ಣದು. ನಮ್ಮ ವಿದ್ಯಾರ್ಥಿನಿಲಯದ ಕೊಠಡಿಯೊಂದರಲ್ಲಿ ಏಳೆಂಟು ಮಂದಿ ಒಂದೇ ಮೊಬೈಲಿನ ಸುತ್ತ ತಲೆಗೆ ತಲೆ ತಾಗಿಸಿಕೊಂಡು ಪಂದ್ಯ ನೋಡುತ್ತಿದ್ದೆವು. ನಮ್ಮ ದಾಂಡಿಗನೊಬ್ಬನ ಬ್ಯಾಟಿನ ಅಂಚನ್ನು ಸವರಿದ ಚೆಂಡು ವಿಕೆಟ್ ಕೀಪರನ ಕೈ ಸೇರಿತು. ಅಂಪೈರಿಗೆ ಅದು ಕಾಣಲಿಲ್ಲ; ಎದುರು ತಂಡದವರಿಗೆ ಮರುಪರಿಶೀಲನೆ ಕೇಳುವ ಅವಕಾಶವೂ ಮುಗಿದುಹೋಗಿದ್ದಿತು. ಚೆಂಡು ತಾಗಿದ್ದನ್ನು ತೆರೆಯ ಮೇಲೆ ನಿಚ್ಚಳವಾಗಿ ತೋರಿಸಿದರು. ನಾವು ಚಪ್ಪಾಳೆ ತಟ್ಟಿದೆವು, ನಾನೂ ತಟ್ಟಿದೆ. ಒಂದು ಗಂಟೆ ಕಳೆದ ಮೇಲೆ ಎದುರು ತಂಡದವನೊಬ್ಬನು ಹಾಗೆಯೇ ಏನೂ ಆಗದವನಂತೆ ನಿಂತಾಗ ಕೊಠಡಿಯಲ್ಲಿ ‘ಕಳ್ಳ, ಕಳ್ಳ’ ಎಂಬ ಕೂಗೆದ್ದಿತು. ಆ ಕೂಗಿನಲ್ಲಿಯೂ ನನ್ನ ದನಿ ಇದ್ದಿತು. ಒಂದೇ ಸಂಜೆಯಲ್ಲಿ ಒಂದೇ ಕೆಲಸಕ್ಕೆ ಚಪ್ಪಾಳೆಯನ್ನೂ ಬೈಗುಳನ್ನೂ ಕೊಟ್ಟ ನನ್ನ ನ್ಯಾಯ ಎಂತಹುದೆಂದು ಆಮೇಲೆ ಯೋಚನೆ ಹತ್ತಿತು. ಹೀಗೆ ಯೋಚಿಸುತ್ತಿರುವಾಗ ಹಿರಿಯರ ಬಾಯಲ್ಲಿ ಮತ್ತೆ ಮತ್ತೆ ಕೇಳಿದ್ದ 2008ರ ಸಿಡ್ನಿ ಪಂದ್ಯದ ನೆನಪಾಯಿತು. ಆಗ ನಾನು ತೊಟ್ಟಿಲು ಬಿಟ್ಟು ಹೆಚ್ಚು ದಿನವಾಗಿರದ ಕೂಸು. ಆದುದರಿಂದ ಹಳೆಯ ಪತ್ರಿಕೆಗಳನ್ನು ತಿರುವಿ, ಪಂದ್ಯದ ಚಿತ್ರಗಳನ್ನು ನೋಡಿ ತಿಳಿದುಕೊಂಡೆ.

ಆ ಸಲ ಭಾರತ ತಂಡಕ್ಕೆ ನಾಯಕರಾಗಿ ಹೋದವರು ನಮ್ಮ ಬೆಂಗಳೂರಿನ ಅನಿಲ್ ಕುಂಬ್ಳೆ. ನಾಲ್ಕು ಟೆಸ್ಟುಗಳ ಸರಣಿ. ಮೆಲ್ಬರ್ನಿನ ಮೊದಲ ಪಂದ್ಯವನ್ನು ಆಸ್ಟ್ರೇಲಿಯದವರು 337 ರನ್ನುಗಳಿಂದ ಗೆದ್ದಿದ್ದರು. ಎರಡನೆಯದು ಜನವರಿ 2ರಂದು ಸಿಡ್ನಿಯಲ್ಲಿ ಆರಂಭವಾಯಿತು. ಅಂದು ಆಸ್ಟ್ರೇಲಿಯದವರು 134 ರನ್ನಿಗೆ ಆರು ವಿಕೆಟ್ಟು ಕಳೆದುಕೊಂಡು ತತ್ತರಿಸಿದ್ದರು. ಅನಂತರ ಆಂಡ್ರ್ಯೂ ಸೈಮಂಡ್ಸ್ 30 ರನ್ನು ಮಾಡಿದ್ದಾಗ ಇಶಾಂತ್ ಶರ್ಮ ಎಸೆದ ಚೆಂಡು ಅವರ ಬ್ಯಾಟಿಗೆ ತಾಗಿ ಧೋನಿಯವರ ಕೈ ಸೇರಿತು. ತಾಗಿದ ಸದ್ದು ದೂರದ ಪ್ರೇಕ್ಷಕರಿಗೂ ಕೇಳಿತೆಂದು ಹೇಳುವವರುಂಟು. ಅಂಪೈರ್ ಸ್ಟೀವ್ ಬಕ್ನರ್ ಅವರಿಗೆ ಮಾತ್ರ ಕೇಳಲಿಲ್ಲ. ಸೈಮಂಡ್ಸ್ ನಿಂತರು, 162 ರನ್ನು ಮಾಡಿ ಔಟಾಗದೆ ಉಳಿದರು, ತಂಡದ ಮೊತ್ತ 463ಕ್ಕೆ ಏರಿತು. ಚೆಂಡು ತಾಗಿದ್ದು ನಿಜವೆಂದು ಆಮೇಲೆ ಅವರೇ ಒಪ್ಪಿಕೊಂಡರು.

ಭಾರತದವರೂ ಸುಮ್ಮನೆ ಕುಳಿತಿರಲಿಲ್ಲ. ಲಕ್ಷ್ಮಣರ 109, ತೆಂಡೂಲ್ಕರರ ಅಜೇಯ 154, ಇವುಗಳ ಬಲದಿಂದ 532 ರನ್ನು ಕಟ್ಟಿದರು. ಕೊನೆಯ ದಿನ ಗೆಲ್ಲಲು 333 ಬೇಕಾಗಿದ್ದಿತು. ಗೆಲುವಿನ ಆಸೆ ಬಿಟ್ಟು ಪಂದ್ಯವನ್ನು ಉಳಿಸಿಕೊಳ್ಳಲು ಆಡಿದರು. ರಾಹುಲ್ ದ್ರಾವಿಡರು ಬ್ಯಾಟನ್ನು ಪ್ಯಾಡಿನ ಹಿಂದೆ ಮರೆಮಾಡಿ ಆಡಿದ ಚೆಂಡು ಪ್ಯಾಡಿಗಷ್ಟೆ ತಾಗಿ ಗಿಲ್‌ಕ್ರಿಸ್ಟರ ಕೈಗೆ ಹೋಯಿತು, ಅಪೀಲು ಎದ್ದಿತು, ಔಟೆಂದು ತೀರ್ಪಾಯಿತು. ಈ ಗಿಲ್‌ಕ್ರಿಸ್ಟರೇ 2003ರ ವಿಶ್ವಕಪ್ಪಿನ ಸೆಮಿಫೈನಲಿನಲ್ಲಿ ಅಂಪೈರು ಔಟಿಲ್ಲವೆಂದರೂ ತಾವಾಗಿ ಹೊರನಡೆದು ಕೀರ್ತಿ ಪಡೆದವರು! ಗಂಗೂಲಿಯವರ ಕ್ಯಾಚನ್ನು ಸ್ಲಿಪ್ಪಿನಲ್ಲಿ ಕ್ಲಾರ್ಕ್ ಹಿಡಿದಾಗ, ಚೆಂಡು ನೆಲಕ್ಕೆ ತಾಗಿತೋ ಇಲ್ಲವೋ ಎಂದು ಅಂಪೈರ್ ಮಾರ್ಕ್ ಬೆನ್ಸನ್ ಕೇಳಿದ್ದು ಎದುರು ತಂಡದ ನಾಯಕ ಪಾಂಟಿಂಗರನ್ನು. ಅವರು ಬೆರಳೆತ್ತಿದರು, ಅಂಪೈರೂ ಬೆರಳೆತ್ತಿದರು. ಆಟ ಮುಗಿಯಲು ಒಂದೆರಡು ಓವರುಗಳಷ್ಟೆ ಉಳಿದಿದ್ದಾಗ ಕ್ಲಾರ್ಕ್ ಐದು ಚೆಂಡುಗಳಲ್ಲಿ ಕೊನೆಯ ಮೂರು ವಿಕೆಟ್ಟು ಕಿತ್ತರು. ಕುಂಬ್ಳೆ ಒಂದು ತುದಿಯಲ್ಲಿ 45 ರನ್ನು ಮಾಡಿ ಔಟಾಗದೆ ನಿಂತಿದ್ದರು. ಭಾರತ 122 ರನ್ನುಗಳಿಂದ ಸೋತಿತು. ಅದು ಆಸ್ಟ್ರೇಲಿಯಕ್ಕೆ ಸತತ ಹದಿನಾರನೆಯ ಗೆಲುವು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಸೈಮಂಡ್ಸ್ ನಿಂತದ್ದು ನಿಯಮಕ್ಕೆ ವಿರುದ್ಧವಲ್ಲ. ಅಂಪೈರು ತಪ್ಪಾಗಿ ಔಟು ಕೊಟ್ಟಾಗ ದಾಂಡಿಗನು ನಿಲ್ಲುವಂತಿಲ್ಲ. ಹಾಗಿರುವಾಗ ತಪ್ಪಾಗಿ ಉಳಿಸಿದಾಗ ಮಾತ್ರ ಅವನೇಕೆ ಹೋಗಬೇಕು? ಈ ವಾದವನ್ನು ನಾನು ತಳ್ಳಿಹಾಕಲಾರೆ. ಆದರೆ ಕ್ಯಾಚಿನ ವಿಷಯದಲ್ಲಿ ಹಿಡಿದವನ ಮಾತನ್ನು ನಂಬಬೇಕೆಂದು ಇಬ್ಬರು ನಾಯಕರೂ ಸರಣಿಗೆ ಮುಂಚೆ ಒಪ್ಪಿಕೊಂಡಿದ್ದರು. ಕ್ಯಾಚು ಹಿಡಿದವನ ಮಾತನ್ನು ನಂಬಬೇಕು, ಕ್ಯಾಚು ಕೊಟ್ಟವನ ಮೌನವನ್ನು ಪ್ರಶ್ನಿಸಬಾರದು ಎಂದರೆ ಅದು ಹೇಗೆ ಹೊಂದುತ್ತದೆ? ಆಟವನ್ನು ನಿಯಮದಂತೆ ಆಡುವುದಾದರೆ ಪೂರ್ತಿ ನಿಯಮದಂತೆ ಆಡಬೇಕು. ಮಾತಿನ ಮೇಲೆ ಆಡುವುದಾದರೆ ಮಾತು ಎರಡು ಕಡೆಗೂ ನಡೆಯಬೇಕು. ನನ್ನ ಬುದ್ಧಿಗೆ ತೋರಿದಂತೆ ಸಿಡ್ನಿಯ ಕಹಿಯ ಬೇರು ಇಲ್ಲಿದೆ. ಬಕ್ನರ್ ಅವರ ಕಿವಿಯಲ್ಲಿ ಅಲ್ಲ.

ಪಂದ್ಯ ಮುಗಿದ ಸಂಜೆ ಪತ್ರಕರ್ತರ ಮುಂದೆ ಕುಂಬ್ಳೆ ಆಡಿದ್ದು ಒಂದೇ ಮಾತು: ಒಂದೇ ತಂಡ ಆಟದ ಧರ್ಮಕ್ಕೆ ತಕ್ಕಂತೆ ಆಡಿತು. ಯಾವ ತಂಡವೆಂದು ಅವರು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಅಷ್ಟರಲ್ಲಿ ನಮ್ಮ ದೇಶದ ಬೀದಿಗಳಲ್ಲಿ ಅಂಪೈರುಗಳ ಪ್ರತಿಕೃತಿಗಳು ಉರಿಯುತ್ತಿದ್ದುವು. ಐದು ವಿಶ್ವಕಪ್ ಫೈನಲುಗಳಲ್ಲಿ ನಿಂತಿದ್ದ ಬಕ್ನರ್ ಅವರನ್ನು ಮುಂದಿನ ಪಂದ್ಯದಿಂದ ತೆಗೆದು ಬಿಲಿ ಬೌಡನ್ ಅವರನ್ನು ಹಾಕಿದರು. ಆಸ್ಟ್ರೇಲಿಯದಲ್ಲೂ ಎಲ್ಲರೂ ಹಿಗ್ಗಲಿಲ್ಲವೆಂಬುದು ಗಮನಿಸತಕ್ಕ ವಿಷಯ. ಪೀಟರ್ ರೋಬಕ್ ಎಂಬ ಪ್ರಸಿದ್ಧ ಬರಹಗಾರರು ಸಿಡ್ನಿಯ ಪತ್ರಿಕೆಯಲ್ಲಿಯೇ ಪಾಂಟಿಂಗರನ್ನು ನಾಯಕತ್ವದಿಂದ ಇಳಿಸಬೇಕೆಂದು ಬರೆದರು. ಗೆದ್ದ ಮರುದಿನ ತಮ್ಮವರನ್ನೇ ಹೀಗೆ ಕೇಳುವ ಎದೆಗಾರಿಕೆ ನಮ್ಮಲ್ಲಿ ಎಷ್ಟು ಮಂದಿಗೆ ಬಂದೀತು?

ಇನ್ನು ಪಂದ್ಯದ ಮೂರನೆಯ ದಿನದ ಜಗಳವನ್ನು ಹೇಳದಿದ್ದರೆ ಈ ಲೇಖನ ಅರೆಬರೆಯಾಗುತ್ತದೆ. ಹರ್ಭಜನ್ ಸಿಂಗರು ಸೈಮಂಡ್ಸರನ್ನು ಕೋತಿಯೆಂದು ಕರೆದರೆಂಬ ಆರೋಪ ಬಂದಿತು. ಪಂದ್ಯದ ರೆಫರಿ ಮೈಕ್ ಪ್ರಾಕ್ಟರ್ ಮೂರು ಟೆಸ್ಟುಗಳ ನಿಷೇಧ ಹಾಕಿದರು. ಮೇಲ್ಮನವಿಯನ್ನು ನ್ಯೂಜಿಲೆಂಡಿನ ನ್ಯಾಯಾಧೀಶ ಜಾನ್ ಹ್ಯಾನ್ಸನ್ ಅಡಿಲೇಡಿನಲ್ಲಿ ಕೇಳಿದರು. ಜನಾಂಗನಿಂದೆಯ ಆರೋಪ ಸಾಬೀತಾಗಲಿಲ್ಲ. ಬೈಗುಳಕ್ಕೆಂದು ಪಂದ್ಯದ ಸಂಭಾವನೆಯಲ್ಲಿ ಅರ್ಧ ದಂಡ ಬಿದ್ದಿತು. ಅಂದು ಮೈದಾನದಲ್ಲಿ ಆಡಿದ ಮಾತು ಯಾವುದೆಂಬ ತೀರ್ಮಾನ ನ್ಯಾಯಾಧೀಶರದು. ಅದರಲ್ಲಿ ನಾನು ಕೈಹಾಕುವುದಿಲ್ಲ. ಆದರೆ ಅದಕ್ಕೆ ಮೂರು ತಿಂಗಳ ಹಿಂದೆ, 2007ರ ಅಕ್ಟೋಬರಿನಲ್ಲಿ, ವಡೋದರದಲ್ಲಿಯೂ ಆಮೇಲೆ ಮುಂಬಯಿಯಲ್ಲಿಯೂ ನಮ್ಮ ಪ್ರೇಕ್ಷಕರು ಅದೇ ಸೈಮಂಡ್ಸರನ್ನು ನೋಡಿ ಕೋತಿಯ ಕೂಗು ಕೂಗಿದ್ದರು. ಮುಂಬಯಿಯಲ್ಲಿ ಪೊಲೀಸರು ಕೆಲವರನ್ನು ಹೊರಕ್ಕೆ ಹಾಕಬೇಕಾಯಿತು. ಇದಕ್ಕೆ ನ್ಯಾಯಾಧೀಶರ ತೀರ್ಪು ಬೇಕಿಲ್ಲ.

ಆಗ ನಮ್ಮವರಲ್ಲಿ ಕೆಲವರು ಆಡಿದ ಸಮಾಧಾನದ ಮಾತು ಇದು: ನಮ್ಮ ದೇಶದಲ್ಲಿ ಹನುಮಂತನನ್ನು ಪೂಜಿಸುತ್ತೇವೆ, ಮಕ್ಕಳನ್ನು ‘ಕೋತಿ’ ಎಂದು ಮುದ್ದಿನಿಂದ ಗದರಿಸುತ್ತೇವೆ, ಅದರಲ್ಲಿ ಬೈಗುಳವೆಲ್ಲಿ ಬಂತು? ಕೇಳಲು ಸೊಗಸಾದ ವಾದ. ನಮ್ಮ ತಂದೆಯವರು ಹಮಾಲಿ ಮಾಡಿದವರು. ಸಂತೆಯಲ್ಲಿ ಅವರನ್ನು ಹೆಸರು ಹಿಡಿದು ಕರೆಯದೆ ‘ಏ ಕರಿಯ’ ಎಂದು ಕರೆಯುತ್ತಿದ್ದ ಅಂಗಡಿಯವರೊಬ್ಬರಿದ್ದರು. ಕರೆಯುವವರಿಗೆ ಅದು ಸಲಿಗೆ. ತಂದೆಯವರು ಮೂಟೆ ಇಳಿಸಿ, ಬೆವರು ಒರೆಸಿಕೊಂಡು ನಗುತ್ತಿದ್ದರು. ಆದರೆ ಅಂತಹ ದಿನ ಮನೆಗೆ ಬರುವ ದಾರಿಯಲ್ಲಿ ನನ್ನೊಡನೆ ಮಾತನಾಡುತ್ತಿರಲಿಲ್ಲ. ಮಾತಿನ ಅರ್ಥವನ್ನು ಆಡಿದವನು ಹೇಳಿದರೆ ಸಾಲದೆಂದು ನಾನು ನಿಘಂಟಿನಿಂದ ಕಲಿತದ್ದಲ್ಲ.

ಇದೇ ಸೈಮಂಡ್ಸರನ್ನು 2008ರ ಫೆಬ್ರುವರಿಯ ಹರಾಜಿನಲ್ಲಿ ಹೈದರಾಬಾದಿನ ತಂಡ ಭಾರಿ ಬೆಲೆ ತೆತ್ತು ಕೊಂಡಿತು. 2011ರಲ್ಲಿ ಅವರು ಮುಂಬಯಿಯ ತಂಡದಲ್ಲಿ ಹರ್ಭಜನರ ಜೊತೆಗಾರರಾಗಿಯೇ ಆಡಿದರು. 2022ರ ಮೇ ತಿಂಗಳಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡರು.

ಪ್ರಾಸಂಗಿಕವಾಗಿ ಒಂದು ಮಾತು. ಈ ಲೇಖನದ ಮೊದಲ ಪ್ರತಿಯಲ್ಲಿ ನಾನು ‘ಕುಂಬ್ಳೆಯವರು’, ‘ದ್ರಾವಿಡರು’ ಎಂದೂ, ‘ಪಾಂಟಿಂಗನು’, ‘ಸೈಮಂಡ್ಸನು’ ಎಂದೂ ಬರೆದಿದ್ದೆ. ನಮ್ಮ ಕನ್ನಡ ಅಧ್ಯಾಪಕರು ಕೆಂಪು ಶಾಯಿಯಲ್ಲಿ ಅವುಗಳ ಕೆಳಗೆಲ್ಲ ಗೆರೆ ಎಳೆದು, ಏನೂ ಬರೆಯದೆ ಹಿಂದಕ್ಕೆ ಕೊಟ್ಟರು. ತಿದ್ದಿದ್ದೇನೆ.

ಕುಂಬ್ಳೆಯವರ ಮಾತು ಹೊಸದಲ್ಲವೆಂಬುದು ಆಮೇಲೆ ತಿಳಿಯಿತು. ಅದಕ್ಕೆ ಎಪ್ಪತ್ತೈದು ವರ್ಷ ಹಿಂದೆ, 1933ರ ಜನವರಿಯಲ್ಲಿ, ಅಡಿಲೇಡಿನಲ್ಲಿ ಹೆಚ್ಚುಕಡಿಮೆ ಅದೇ ಮಾತನ್ನು ಆಡಿದವರು ಆಸ್ಟ್ರೇಲಿಯದ ನಾಯಕ ವುಡ್‌ಫುಲ್. ಬ್ರಾಡ್‌ಮನ್ನರ ರನ್ನಿನ ಹೊಳೆಗೆ ಕಟ್ಟೆ ಹಾಕಲು ಇಂಗ್ಲೆಂಡಿನ ನಾಯಕ ಜಾರ್ಡೀನ್, ಲಾರ್ವುಡ್ ಮುಂತಾದ ವೇಗದ ಬೌಲರುಗಳಿಂದ ದಾಂಡಿಗನ ಮೈಯನ್ನೇ ಗುರಿಮಾಡಿ ಚೆಂಡು ಎಸೆಯಿಸಿದರು. ವುಡ್‌ಫುಲ್ಲರ ಎದೆಗೆ ಪೆಟ್ಟು ಬಿದ್ದಿತು. ಅಂದು ಮೈದಾನದಲ್ಲಿ ಐವತ್ತು ಸಾವಿರ ಜನ. ಇನ್ನೆರಡು ದಿನಕ್ಕೆ ಓಲ್ಡ್‌ಫೀಲ್ಡರ ತಲೆಬುರುಡೆ ಬಿರಿಯಿತು. ಜನ ಬೇಲಿ ಹಾರಿ ಒಳನುಗ್ಗುವರೆಂಬ ಭಯ ಎಲ್ಲರಲ್ಲಿ. ಎರಡು ದೇಶಗಳ ಮಂಡಲಿಗಳ ನಡುವೆ ತಂತಿಗಳು ಓಡಾಡಿದುವು. ಜನ ನುಗ್ಗಲಿಲ್ಲ, ಬೈದರು, ಕೂಗಿದರು, ಅಷ್ಟೆ. ಮರುತಿಂಗಳು ಸಿಡ್ನಿಯಲ್ಲಿ ಅದೇ ಲಾರ್ವುಡ್ ದಾಂಡು ಹಿಡಿದು 98 ರನ್ನು ಮಾಡಿ ಔಟಾಗಿ ಹಿಂದಿರುಗುವಾಗ ಆಸ್ಟ್ರೇಲಿಯದ ಜನ ಎದ್ದು ನಿಂತು ಕರತಾಡನ ಮಾಡಿದರು. ಆ ಮೇಲೆ ಲಾರ್ವುಡ್ ಟೆಸ್ಟು ಆಡಲೇ ಇಲ್ಲ. 1950ರಲ್ಲಿ ಸಂಸಾರಸಮೇತ ಆಸ್ಟ್ರೇಲಿಯಕ್ಕೇ ಹೋಗಿ ಸಿಡ್ನಿಯಲ್ಲಿ ನೆಲೆಸಿ, 1995ರಲ್ಲಿ ಅಲ್ಲಿಯೇ ಮಣ್ಣಾದರು. ಇತಿಹಾಸದ ಈ ತಿರುವನ್ನು ಓದಿದಾಗ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದೆ.

ನಮ್ಮ ದೇಶದ ಪ್ರೇಕ್ಷಕರಿಗೆ ಇಂತಹ ಗುಣವಿಲ್ಲವೆಂದಲ್ಲ. 1999ರ ಜನವರಿ 31ರಂದು ಚೆನ್ನೈಯ ಚೆಪಾಕಿನಲ್ಲಿ ಪಾಕಿಸ್ತಾನದ ಎದುರು ಭಾರತಕ್ಕೆ ಗೆಲ್ಲಲು ಹದಿನೇಳೇ ರನ್ನು ಬೇಕಾಗಿದ್ದಿತು. 136 ರನ್ನು ಮಾಡಿದ್ದ ತೆಂಡೂಲ್ಕರರು ಔಟಾದರು. ಉಳಿದ ಮೂರು ವಿಕೆಟ್ಟು ನಾಲ್ಕು ರನ್ನಿಗೆ ಉದುರಿದುವು. ಹನ್ನೆರಡು ರನ್ನುಗಳ ಸೋಲು. ಕೈಗೆ ಬಂದ ತುತ್ತು ಬಾಯಿಗೆ ಬಾರದ ಆ ಗಳಿಗೆಯಲ್ಲಿ ಜನ ಒಂದು ಕ್ಷಣ ಮೂಕರಾಗಿ, ಬಳಿಕ ಎದ್ದು ನಿಂತು ಗೆದ್ದವರಿಗೆ ಚಪ್ಪಾಳೆ ತಟ್ಟಿದರು. ಪಾಕಿಸ್ತಾನದವರು ಮೈದಾನಕ್ಕೆ ಒಂದು ಸುತ್ತು ಬಂದರು. ಇನ್ನೂ ಮೂರು ವಾರ ತುಂಬಿರಲಿಲ್ಲ. ಕಲ್ಕತ್ತದಲ್ಲಿ ಅದೇ ತೆಂಡೂಲ್ಕರರು ರನ್ನಿಗಾಗಿ ಓಡುವಾಗ ಶೋಯಬ್ ಅಖ್ತರರಿಗೆ ಡಿಕ್ಕಿಯಾಗಿ ರನೌಟಾದರು. ಬಾಟಲಿಗಳೂ ಕಲ್ಲುಗಳೂ ಮೈದಾನಕ್ಕೆ ಬಿದ್ದುವು. ಮರುದಿನ ಪೊಲೀಸರು ಗ್ಯಾಲರಿಗಳನ್ನು ಬರಿದುಮಾಡಿ ಆಟ ಮುಗಿಸಿದರು. ಪಾಕಿಸ್ತಾನ ಗೆದ್ದಾಗ ಪತ್ರಕರ್ತರೂ ಅಧಿಕಾರಿಗಳೂ ಕೆಲವು ಮಂದಿ ಹೊರತು ಅದನ್ನು ನೋಡಲು ಯಾರೂ ಇರಲಿಲ್ಲ.

ಭದ್ರಾವತಿಯ ಗುಂಡಪ್ಪ ವಿಶ್ವನಾಥರ ಕಥೆಯನ್ನು ಕನ್ನಡಿಗರೆಲ್ಲ ಬಲ್ಲರಾದರೂ ಅದರ ಕೊನೆಯನ್ನು ಹೇಳುವವರು ಕಡಮೆ. 1980ರ ಫೆಬ್ರುವರಿ, ಮುಂಬಯಿಯಲ್ಲಿ ಸುವರ್ಣ ಮಹೋತ್ಸವದ ಟೆಸ್ಟು. ಇಂಗ್ಲೆಂಡು 58ಕ್ಕೆ ಐದು ವಿಕೆಟ್ಟು ಕಳೆದುಕೊಂಡಿದ್ದಿತು. ಬಾಬ್ ಟೇಲರ್ ಕ್ಯಾಚಿತ್ತರೆಂದು ಅಂಪೈರು ಬೆರಳೆತ್ತಿಯಾಗಿತ್ತು. ಚೆಂಡು ತಾಗಿಲ್ಲವೆಂದು ನಾಯಕ ವಿಶ್ವನಾಥರಿಗೆ ಖಚಿತವಾಗಿದ್ದುದರಿಂದ ಅವರು ಅಂಪೈರನ್ನು ಕೇಳಿಕೊಂಡು ಟೇಲರರನ್ನು ಹಿಂದಕ್ಕೆ ಕರೆಸಿದರು. ಟೇಲರ್ ಮತ್ತು ಬೋಥಮ್ ಕೂಡಿ 171 ರನ್ನು ಸೇರಿಸಿದರು. ಭಾರತ ಹತ್ತು ವಿಕೆಟ್ಟುಗಳಿಂದ ಸೋತಿತು.

ಈ ಲೇಖನವನ್ನು ಕೊಠಡಿಯ ಗೆಳೆಯರಿಗೆ ಓದಿ ಹೇಳಿದೆ. ಅಂದು ಎಲ್ಲರಿಗಿಂತ ಜೋರಾಗಿ ಕೂಗಿದ್ದವನು ಕೊನೆಯವರೆಗೂ ಕೇಳಿ, “ಎಲ್ಲ ಸರಿ ಮಾರಾಯ. ಆದ್ರೆ ಅವತ್ತು ನಮ್ಮೋನು ತಾನಾಗೇ ಹೋಗಿಬಿಟ್ಟಿದ್ರೆ ಮ್ಯಾಚು ಸೋತುಹೋಗ್ತಿದ್ವಲ್ಲೋ?” ಎಂದು ಕೇಳಿದ.

ಸೋಲುತ್ತಿದ್ದೆವು. ಹಾಗೆಂದೇ ಅವನಿಗೆ ಹೇಳಿದೆ.